ನರಸಕ್ಕನ ಜಗಲಿ

ಬೆಂಗಳೂರಿನ ಗಾಣದಗುಂಡಿ ವೃತ್ತದ ನಡುವೆ ಇಂದು ಕಾಣುವುದು ಕರಿಕಲ್ಲಿನ ಮೂರು ಅಲೆಗಳು. ಎರಡು ಆಳೆತ್ತರಕ್ಕೆ ಎದ್ದು ನಿಂತಿವೆ, ಮೂರನೆಯದು ಮೊಳಕಾಲಿನ ಮಟ್ಟಕ್ಕೆ ಇಳಿದು ಚಪ್ಪಟೆಯಾಗಿ ಮಲಗಿದೆ. ಹಿತ್ತಾಳೆಯ ಫಲಕದಲ್ಲಿ ಶಿಲ್ಪದ ಹೆಸರು ‘ಅನಂತ ಚಲನೆ’ ಎಂದಿದೆ. ಆ ಹೆಸರು ಹೇಳಿ ಆಟೋ ಹತ್ತಿದರೆ ಊರೆಲ್ಲ ಸುತ್ತಬೇಕಾದೀತು. ನರಸಕ್ಕನ ಜಗಲಿ ಎನ್ನಿ, ನೇರ ತಂದು ಇಳಿಸುತ್ತಾರೆ. ಈ ಹೆಸರು ಕೇಳಿದರೆ ಕಲಾರಸಿಕರಿಗೆ ಮೈ ಉರಿಯುತ್ತದೆ. ಉರಿಯಲಿ. ಅದು ಸುಮ್ಮನೆ ಬಂದ ಹೆಸರಲ್ಲ.

ಹಿಂದೆ ಒಮ್ಮೆ, ಮೆಟ್ರೊ ಕಂಬಗಳು ಇನ್ನೂ ಏಳದಿದ್ದ ಕಾಲದಲ್ಲಿ, ಈ ವೃತ್ತವನ್ನು ಗುಡಿಸುತ್ತಿದ್ದವಳು ನರಸಕ್ಕ. ನಮ್ಮ ನಗರಕ್ಕೆ ಅದೇ ಪುರಾಣಕಾಲ. ನಸುಕಿನಿಂದ ಬೀದಿ ಗುಡಿಸಿ ಸೊಂಟ ಬಿದ್ದುಹೋದಾಗ ಆಕೆಗೂ ಜೊತೆಯವರಿಗೂ ಕೂತು ಬುತ್ತಿ ಬಿಚ್ಚಲು ಜಾಗವಿರಲಿಲ್ಲ. ಅಂಗಡಿ ಮೆಟ್ಟಿಲಿನಿಂದ ಎಬ್ಬಿಸುತ್ತಿದ್ದರು, ಮನೆ ಗೇಟಿನ ಬಳಿ ಕೂತರೆ ಗದರುತ್ತಿದ್ದರು. ಶಿಲ್ಪ ಬಂದ ಮಾರನೆಯ ದಿನವೇ ಆಕೆ ಆ ತಗ್ಗಿದ ಅಲೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆರೆದಳು ಎನ್ನುತ್ತಾರೆ. ಶಿಲ್ಪದ ಉಸ್ತುವಾರಿಯ ಸಾಹೇಬರು ಕಂಡು ಕೆಂಡವಾದರು. ಇದು ನೋಡುವ ವಸ್ತು, ನಿಮ್ಮಂಥವರು ಮುಟ್ಟಕೂಡದು ಎಂದು ಎಬ್ಬಿಸಿ, ಸುತ್ತ ಕಬ್ಬಿಣದ ಬೇಲಿ ಹಾಕಿಸಿ ಬೀಗ ಜಡಿದು, ಒಂದು ಬೋರ್ಡನ್ನೂ ನೆಡಿಸಿದರು. ಮಾರನೆಯ ದಿನದಿಂದ ನರಸಕ್ಕ ಬೇಲಿಯ ಹೊರಗೆ ಚೊಕ್ಕವಾಗಿ ಗುಡಿಸಿದಳು, ಒಳಕ್ಕೆ ಪೊರಕೆ ಚಾಚಲಿಲ್ಲ. ಹೊಂಗೆಯೆಲೆ, ಪಾರಿವಾಳದ ಹಿಕ್ಕೆ, ಟೀ ಲೋಟ, ಹರಿದ ಫ್ಲೆಕ್ಸು ಬಿದ್ದು ಬಿದ್ದು ಅನಂತ ಚಲನೆ ಅರ್ಧ ಹೂತುಹೋಯಿತು. ಹೊರದೇಶದ ಅತಿಥಿಗಳು ಶಿಲ್ಪ ನೋಡಲು ಬರುವ ದಿನ ಸಾಹೇಬರು ಬೀಗದ ಕೈ ಹಿಡಿದು ಓಡಿಬಂದರು. ಈಗಲೇ ಗುಡಿಸು, ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು.

“ಮುಟ್ಬಾರ್ದು ಅಂದೋರು ನೀವೇ ಸಾಮಿ,” ಎಂದಳಂತೆ ನರಸಕ್ಕ. “ನಾನು ಮುಟ್ಬಾರ್ದು ಅಂದ್ಮೇಲೆ ನನ್ ಪೊರಕೆನೂ ಮುಟ್ಟಲ್ಲ. ಬೇಲಿ ಕೀಳ್ಸಿ. ಕುಂತು ಉಂಡು, ಆಮ್ಯಾಕೆ ಗುಡುಸ್ತೀನಿ.”

ಬೇರೆ ಬಡಾವಣೆಗಳಿಂದ ಸಾಹೇಬರು ಗುಡಿಸಲು ಕರೆಸಿದ ಹೆಂಗಸರೂ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಕೆಯ ಪಕ್ಕ ನಿಂತುಬಿಟ್ಟರು. ಸಾಹೇಬರು ತಾವೇ ಗುಡಿಸಬಹುದಿತ್ತು, ಆ ಯೋಚನೆ ಅವರಿಗೆ ಬಂದಂತಿಲ್ಲ. ಬೇಲಿ ಕಿತ್ತರು. ನರಸಕ್ಕ ಕೂರುವಷ್ಟು ಜಾಗದ ಕಸ ಸರಿಸಿ, ನಿಧಾನವಾಗಿ ಉಂಡು, ಕೈ ತೊಳೆದು, ಆಮೇಲೆ ಸೆರಗು ಸಿಕ್ಕಿಸಿ ಪೊರಕೆ ಹಿಡಿದಳು. ಅಷ್ಟು ಹೊತ್ತೂ ಅತಿಥಿಗಳ ಕಾರುಗಳು ಸಿಗ್ನಲ್ಲಿನಲ್ಲಿ ಕಾದವು ಎನ್ನುತ್ತಾರೆ. ನಾನಂತೂ ನಂಬುತ್ತೇನೆ.

ಬೇಲಿಯ ಮೋಟುಕಂಬಗಳು ಇಂದಿಗೂ ನೆಲದಲ್ಲಿ ಕಾಣುತ್ತವೆ. ಮೂರನೆಯ ಅಲೆ ಕೂತು ಕೂತು ನುಣುಪಾಗಿದೆ. ‘ಇಲ್ಲಿ ಕುಳಿತುಕೊಳ್ಳಬಾರದು’ ಎಂಬ ಬೋರ್ಡನ್ನು ಮಾತ್ರ ಯಾರೂ ಕೀಳಲಿಲ್ಲ. ಬೆಳಿಗ್ಗೆ ಹೋದವರಿಗೆ ಅದನ್ನು ಓದಲಾಗುವುದಿಲ್ಲ. ಗುಡಿಸುವ ಹೆಂಗಸರು ತಮ್ಮ ಬುತ್ತಿಚೀಲಗಳನ್ನು ಅದಕ್ಕೇ ನೇತುಹಾಕಿರುತ್ತಾರೆ.