ಹುಚ್ಚೀರಪ್ಪನ ಆಟದ ಕಳ್ಳ

ಬಹಳ ಹಿಂದೆ, ಟಿವಿ ಇನ್ನೂ ಟ್ರಂಕಿನಷ್ಟು ದಪ್ಪವಿದ್ದ ಕಾಲಕ್ಕೆ, ಬಯಲುಸೀಮೆಯ ಒಂದೂರಿನಲ್ಲಿ ಹುಚ್ಚೀರಪ್ಪ ಅಂತ ಒಬ್ಬನಿದ್ದನಂತೆ. ಕೆಟ್ಟ ರೇಡಿಯೊ ರಿಪೇರಿ ಮಾಡುತ್ತಿದ್ದವನು ಟಿವಿಯೊಳಗೆ ಆಡುವ ಆಟ ಕಟ್ಟುವುದನ್ನು ಕಲಿತನಂತೆ. ಗೆಳೆಯರನ್ನು ಸೇರಿಸಿಕೊಂಡು ಹಳೇ ಹತ್ತಿ ಗೋದಾಮಿಗೆ 'ಆಟದ ಮನೆ' ಎಂದು ಬೋರ್ಡು ಹಾಕಿದನಂತೆ. ಊರಿಗೆ ಆಗಲೇ ಅನುಮಾನ. ಹಾಡಹಗಲೇ ಬಾಗಿಲು ಹಾಕಿಕೊಂಡು ಕೂತವರು ಒಳ್ಳೆಯದು ಮಾಡಿದ್ದನ್ನು ಯಾರು ಕಂಡಿದ್ದಾರೆ?

ಅವನ ಮೊದಲ ಆಟ, ಕಳ್ಳನನ್ನು ಹಿಡಿಯುವುದು. ಪುಣ್ಯಾತ್ಮ ತನ್ನ ಊರನ್ನೇ ಅದರೊಳಗೆ ಇಳಿಸಿಬಿಟ್ಟಿದ್ದ: ಅದೇ ಓಣಿ, ಅದೇ ಕಟ್ಟೆ, ಅವೇ ಬಾಗಿಲುಗಳು. ಕವಡೆ ಬಿದ್ದಂತೆ, ಪ್ರತಿ ಆಟದಲ್ಲೂ ಕಳ್ಳ ಯಾವುದೋ ಒಂದು ಮನೆಯಿಂದ ಹೊರಬೀಳುತ್ತಿದ್ದನಂತೆ. ಊರು ನೋಡಲು ಸೇರಿದ ದಿನ ಕಳ್ಳ ದ್ಯಾಮವ್ವನ ಮನೆಯಿಂದ ಓಡಿಬಂದ. ಮತ್ತೆ ಆಡಿದರು. ಮತ್ತೆ ಅಲ್ಲಿಂದಲೇ.

ದ್ಯಾಮವ್ವ ಕಂಡವರ ಮನೆಯಲ್ಲಿ ರೊಟ್ಟಿ ಬಡಿದು ಬದುಕುವವಳು. ಆ ವಾರವೇ ಸಾವಕಾರರ ಮನೆಯಲ್ಲಿ ಬಂಗಾರದ ಬೋರಮಾಳ ಸರ ಕಳೆದಿತ್ತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲವಂತೆ. ಒಂದು ಮನೆಯಲ್ಲಿ ಇನ್ನು ಬರಬೇಡ ಅಂದರು. ಇನ್ನೊಂದರಲ್ಲಿ ಅವಳು ಹಿಟ್ಟು ನಾದುವಷ್ಟು ಹೊತ್ತೂ ಸೊಸೆ ಬಾಗಿಲಲ್ಲೇ ನಿಂತಳು. ಹೀಗಾದರೆ ಉಣ್ಣುವುದೇನು? ಸಾವಕಾರ ಹೇಳಿಕೊಟ್ಟೇ ಹುಚ್ಚೀರಪ್ಪ ಹೀಗೆ ಮಾಡಿದ್ದು ಎಂದು ದ್ಯಾಮವ್ವನಿಗೆ ಖಾತ್ರಿ.

ನೇರ ಗೋದಾಮಿಗೆ ಹೋದಳು.

"ಯವ್ವಾ, ಅದು ತಾನ ಆರಿಸ್ತೈತಿ. ನನ್ನ ಕೈಯಾಗ ಏನಿಲ್ಲ" ಅಂದ ಹುಚ್ಚೀರಪ್ಪ.

"ಹಂಗಾರ ನಿನ್ನ ಮನೀಯಿಂದ ಯಾಕ ಬರವಲ್ಲ ಅಂವಾ?"

ಊರನ್ನೆಲ್ಲ ಆಟಕ್ಕೆ ತಂದವನು ತನ್ನ ಮನೆಯನ್ನು ಇಟ್ಟೇ ಇರಲಿಲ್ಲವಂತೆ! ಆ ರಾತ್ರಿಯೇ ಕೂತು ಅದನ್ನೂ ಆಟದೊಳಗೆ ಇಳಿಸಿದನಂತೆ.

ಮುಂದಿನ ಸಲ ಊರು ಸೇರಿದಾಗ ಕಳ್ಳ ಹುಚ್ಚೀರಪ್ಪನ ಮನೆಯಿಂದ ಬಂದ. ಎಷ್ಟು ಸಲ ಆಡಿದರೂ ಅಲ್ಲಿಂದಲೇ. ಜನ ದ್ಯಾಮವ್ವನನ್ನು ಬಿಟ್ಟು ಅವನ ಬೆನ್ನು ಹತ್ತಿದರು, ಅವನ ಮನೆಯ ನೆಲ ಅಗೆದು ನೋಡಿದರಂತೆ. ಸರ ಸಿಗಲಿಲ್ಲ. ಆಟ ದೂರದ ಶಹರಗಳಿಗೆ ಹೋಯಿತು, ಆಟದ ಮನೆ ಬೆಳೆಯಿತು, ಆಮೇಲೆ ಕಟ್ಟಿದ ಆಟಗಳೂ ಹೆಸರು ಮಾಡಿದವು. ಊರಲ್ಲಿ ಮಾತ್ರ ಸಾಯುವತನಕ ಅವನನ್ನು ಯಾರೂ ನಡುಮನೆಗೆ ಕರೆಯಲಿಲ್ಲ. ದ್ಯಾಮವ್ವ ಅವನಿಗೆ ದಿನಾ ರೊಟ್ಟಿ ಒಯ್ದುಕೊಟ್ಟಳಂತೆ. ಅವಳಾದರೂ ಅವನನ್ನು ಪೂರ್ತಿ ನಂಬಿದ್ದಳೆಂದು ನಾನು ಹೇಳಲಾರೆ.

ಈಗಲೂ ಆ ಊರಲ್ಲಿ ಏನಾದರೂ ಕಳೆದರೆ ಕೆಲಸದವರ ಮುಖ ಯಾರೂ ನೋಡುವುದಿಲ್ಲ. ಮನೆಯ ಹಿರಿಯರು ಮೊದಲು ಹುಚ್ಚೀರಪ್ಪನ ಪಾಳುಮನೆಯ ಮುಂದೆ ನಿಂತು, "ನೀನ ಒಯ್ದಿದ್ರ ಕೊಟ್ಟುಬಿಡಪಾ" ಅಂತ ಕೇಳಿ ಬರುತ್ತಾರೆ. ಬೇರೆ ಕಡೆ ಹುಡುಕುವುದು ಆಮೇಲೆ.