ಬೆಕ್ಕಿಗೆ ಬಂದ ಜಡೆ

ಹೊಳೆಯ ದಂಡೆಯ ಆಶ್ರಮಕ್ಕೆ ಸಂಕಣ್ಣ ಬಂದಾಗ ಅವನ ಹತ್ತಿರ ಗಂಟೂ ಇರಲಿಲ್ಲ, ಚೀಲವೂ ಇರಲಿಲ್ಲ. ಕಂಕುಳಲ್ಲಿ ಒಂದು ಬೆಕ್ಕಿತ್ತು. ಚಪ್ಪಟೆ ಮೂಗಿನ, ಮೈತುಂಬ ಉದ್ದ ಕೂದಲಿನ ಬಿಳಿ ಪರ್ಷಿಯನ್ ಬೆಕ್ಕು. ತೀರಿಹೋದ ಹೆಂಡತಿ ನೀಲವ್ವ ಸಾಕಿದ್ದು. ದಿನಾ ಅದರ ಕಣ್ಣು ಒರೆಸಿ, ಮೈ ಬಾಚುತ್ತಿದ್ದವಳು ಅವಳೇ.

ಸಂಕಣ್ಣ ಶಿಷ್ಯನಾದ. ಕಸ ಗುಡಿಸಿದ, ನೀರು ಹೊತ್ತ, ಧ್ಯಾನಕ್ಕೂ ಕೂತ. ಬೆಕ್ಕಿನ ಕಣ್ಣು ಒರೆಸಿದ. ಬಾಚಲು ಮಾತ್ರ ಹೋಗಲಿಲ್ಲ.

ಆರು ತಿಂಗಳಲ್ಲಿ ಅದರ ಕೂದಲು ಸಿಕ್ಕುಗಟ್ಟಿ ಹಗ್ಗವಾಯಿತು. ಆಶ್ರಮದವರಿಗೆ ಅದೇ ಸಂಭ್ರಮ.

"ನೋಡ್ರಪಾ, ಬೆಕ್ಕಿಗೂ ಜಡಿ ಬಂತು! ಸನ್ಯಾಸ ತಗೊಂಡೈತಿ!"

ಕೆಲವರು ಕೈಯನ್ನೂ ಮುಗಿದರು. ಬುದ್ಧಿಗೇಡಿಗಳು, ಇನ್ನೇನು ಹೇಳೋಣ! ಸಂಕಣ್ಣನೂ ಹೌದೆಂದು ತಲೆಯಾಡಿಸಿದ.

ಒಂದು ಮುಂಜಾನೆ ಬೆಕ್ಕು ತಟ್ಟೆಗೆ ಬಾಯಿ ಹಾಕಲಿಲ್ಲ. ಅವನು ಅದನ್ನೆತ್ತಿಕೊಂಡು ಗುರುಗಳ ಬಳಿಗೆ ಓಡಿದ.

"ಅಜ್ಜಾರ, ಇದು ಉಪವಾಸ ಹಿಡದೈತಿ."

ಗುರುಗಳು ಬೆಕ್ಕಿನ ಮುಂಗಾಲೆತ್ತಿ ಕಂಕುಳ ಕೂದಲು ಸರಿಸಿದರು. ಗಂಟು ಚರ್ಮವನ್ನು ಜಗ್ಗಿ ಹಿಡಿದಿತ್ತು. ಅಡಿಯಲ್ಲಿ ಕೆಂಪಗೆ ಹುಣ್ಣಾಗಿತ್ತು.

"ಎಂಥಾ ಉಪವಾಸೋ ಮಾರಾಯಾ! ಹೆಜ್ಜಿ ಇಟ್ಟಾಗೊಮ್ಮೆ ಜಗ್ಗತೈತಿ ಇದಕ್ಕ."

"ಒಂದಿನಾನೂ ಕೂಗಲಿಲ್ಲಲ್ರೀ!"

"ಇದು ಕೂಗೋ ಜಾತಿ ಅಲ್ಲ. ಸುಮ್ಮನ ಕುಂತು ನೋವು ತಿಂತೈತಿ. ಕತ್ತರಿ ತಾ."

ಸಂಕಣ್ಣ ಕದಲಲಿಲ್ಲ.

"ಬ್ಯಾಡ್ರೀ ಅಜ್ಜಾರ."

"ಯಾಕ?"

"ಕಡೀ ಸಲ ಆಕಿ ಬಾಚಿದ ಕೂದ್ಲರೀ ಇದು. ನಾ ಕೈ ಹಾಕಿದ್ರ ಉದುರಿ ಹೋಗ್ತೈತಿ ಅಂತ..."

ಮಾತು ಮುಗಿಸಲಾಗದೆ ಅತ್ತುಬಿಟ್ಟ. ಐವತ್ತೆಂಟರ ಗಂಡಸು, ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅಳದವನು. ಮೋಕ್ಷ ಗೀಕ್ಷ ಯಾರಿಗೆ ಬೇಕಾಗಿತ್ತು? ಅವನಿಗೆ ಅವಳು ಬೇಕಾಗಿದ್ದಳು.

ಗುರುಗಳು ಅಳಲು ಬಿಟ್ಟರು. ಆಮೇಲೆ ತಾವೇ ಎದ್ದು ಕತ್ತರಿ ತಂದು ಅವನ ಕೈಗಿಟ್ಟರು. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ ಹಿಡಿದರು.

"ಬಾಚಣಿಗಿ ಮ್ಯಾಲಷ್ಟ ಕತ್ತರಿಸು. ಅವಸರ ಮಾಡಬ್ಯಾಡ."

ಸಂಕಣ್ಣನಿಗೆ ಮನಸ್ಸಿರಲಿಲ್ಲ. ಆದರೂ ಕತ್ತರಿಸಿದ. ಬೆಕ್ಕು ಮಿಸುಕಾಡಲಿಲ್ಲ. ಒಂದೊಂದೇ ಗಂಟು ಕೆಳಗೆ ಬಿತ್ತು. ಮಧ್ಯಾಹ್ನ ಪಶುವೈದ್ಯರು ಬಂದು ಹುಣ್ಣಿಗೆ ಮುಲಾಮು ಹಚ್ಚಿ ಹೋದರು. ಸಂಜೆ ಬೆಕ್ಕು ನಾಲ್ಕು ತುತ್ತು ತಿಂದಿತು.

ಸಂಕಣ್ಣ ಮಾತ್ರ ಆ ಕೂದಲನ್ನೆಲ್ಲ ಪಂಚೆಯ ಸೆರಗಿನಲ್ಲಿ ಹಿಡಿದುಕೊಂಡೇ ಕೂತಿದ್ದ.

"ಇದನ್ನೇನ್ ಮಾಡ್ಲಿ ಅಜ್ಜಾರ? ಹೊಳಿಗೆ ಬಿಡ್ಲೋ, ದೇವರ ಮುಂದ ಇಡ್ಲೋ?"

"ಬಾಚಣಿಗಿಗೆ ಸಿಕ್ಕ ಕೂದ್ಲ ನಿನ್ನ ಹೆಂಡ್ತಿ ಏನ್ ಮಾಡ್ತಿದ್ಲು?"

"ಕಿಟಕ್ಯಾಗಿಂದ ಹೊರಗ ಒಗೀತಿದ್ಲು."

"ಬೆಕ್ಕನ್ನ?"

ಸಂಕಣ್ಣ ಬೆಕ್ಕಿನ ಕಡೆ ತಿರುಗಿದ.

"ತೊಡಿ ಮ್ಯಾಲ ಕುಂದ್ರಿಸ್ಕೊಂತಿದ್ಲು."

ಗುರುಗಳು ಬೆಕ್ಕನ್ನೆತ್ತಿ ಅವನ ತೊಡೆಯ ಮೇಲಿಟ್ಟರು.

"ಎಲ್ಲಾ ಗೊತ್ತಿದ್ದೂ ನನ್ನ ಕೇಳ್ತಿಯಲ್ಲೋ."