ನುಣ್ಗಲ್ಲೇರಿಗೆ ಆ ಹೆಸರು ಬಂದದ್ದು

ಆರು ಮುಖ, ಒಂದೂ ಬೆನ್ನಿಲ್ಲ. ಮೂರು ವರ್ಷ ಕೂತು ಬೆಳೆಯಿತು, ಒಂದೇ ಮಳೆಗೆ ಎದ್ದು ಹೋಯಿತು. ಏನು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಮ್ಮೂರಿನವರಲ್ಲದವರಿಗೆ ಇದನ್ನು ಬಿಡಿಸಲು ಬರುವುದಿಲ್ಲ. ಬಂದು ನೋಡಿ. ಊರಿನ ಪಡುವಣಕ್ಕೆ ಎರಡು ಗುಡ್ಡಗಳ ನಡುವೆ ಒಡೆದುಹೋದ ಒಂದು ಏರಿ ಇದೆ. ಕೆರೆ ಇಲ್ಲ, ಜಾಲಿ ಇದೆ. ಜಾಲಿಯೊಳಗೆ ಮಂಚದಷ್ಟು ದೊಡ್ಡ ಕಲ್ಲುಗಳು ಅಡ್ಡಾದಿಡ್ಡಿ ಬಿದ್ದಿವೆ, ಒಂದೊಂದೂ ಆರೂ ಕಡೆ ನುಣುಪು. ಫೋಟೋಕ್ಕೆಂದು ಹತ್ತಿ ಕೂತ ಸಾಹೇಬರೊಬ್ಬರು ಜಾರಿ ಜಾಲಿಯ ಮೇಲೆ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಈ ಜಾಗಕ್ಕೆ ನುಣ್ಗಲ್ಲೇರಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕಾಟಯ್ಯನೆಂಬ ಕಲ್ಲುಕುಟಿಗ ಹೆಂಡತಿ ಸಿರಿಯಕ್ಕನೊಡನೆ ಇಲ್ಲಿಗೆ ಬಂದನಂತೆ. ಊರೂರು ಅಲೆದು ಗುಡಿ ಕಟ್ಟಿದವನು, ಏರಿ ಕಟ್ಟಿದವನಲ್ಲ. ಊರಗೌಡ ಮಾತು ಕೊಟ್ಟ: ಕೆರೆಗೆ ಏರಿ ಕಟ್ಟಿಕೊಡಿ, ಅದು ಒಂದು ಮಳೆಗಾಲ ತಡೆದು ನಿಂತರೆ ಅದರ ಕೆಳಗಿನ ಒಂದು ಗದ್ದೆ ನಿಮಗೆ. ಒಂಬತ್ತು ಊರಲ್ಲಿ ಒಲೆ ಹೂಡಿ ಕಿತ್ತಿದ್ದ ಸಿರಿಯಕ್ಕ ಅಂದೇ ಹೋಗಿ ಆ ಗದ್ದೆಯ ಮೂಲೆಯಲ್ಲಿ ಹತ್ತನೆಯದನ್ನು ಹೂಡಿದಳು. ಇದನ್ನು ಮಾತ್ರ ಕೀಳಲಾರೆ ಅಂದಳು.

ಏರಿಯ ಕಲ್ಲಿಗೆ ನೀರಿನ ಕಡೆಯ ಮುಖ ನಯವಾಗಿದ್ದರೆ ಸಾಕು. ಮಣ್ಣಿನೊಳಗೆ ಹೋಗುವ ಹಿಂಬದಿ ಒರಟಾಗಿರಬೇಕು. ಮಣ್ಣು ಕಚ್ಚಿ ಹಿಡಿಯುವುದು ಆ ಒರಟನ್ನೇ. ಗುಡಿ ಕಟ್ಟಿ ಪಳಗಿದ ಕೈಯ ಕಾಟಯ್ಯ ಕಲ್ಲು ಸಿಕ್ಕಿದ್ದೇ ತಡ ಆರೂ ಮುಖ ಉಜ್ಜುತ್ತ ಕೂತ. ಉಜ್ಜುವಾಗ ಅವನ ಮುಖ ಹಾಲು ಕುಡಿದ ಮಗುವಿನಂತಿರುತ್ತಿತ್ತು ಎನ್ನುತ್ತಾರೆ.

"ಹಿಂದ್ಗಡೆ ಯಾವ ದೊರೆ ಬಂದು ನೋಡ್ತಾನೆ ಅಂತ ಉಜ್ತಾ ಇದೀಯ?" ಅಂದಳು ಸಿರಿಯಕ್ಕ. "ಮಣ್ಣು ಹೊರೋ ಹೆಂಗಸ್ರೇ ನಗ್ತಾವ್ರೆ, ಕಲ್ಲಿಗೆ ಮಣ್ಣು ನಿಲ್ತಿಲ್ಲ ಅಂತ."

"ಮುಂದ್ಗಡೇದು ಗೌಡಂದು ಕಣೆ. ನೋಡ್ದೋರು ಗೌಡ ಕಟ್ಟಿಸ್ದ ಅಂತಾರೆ. ಹಿಂದ್ಗಡೆ ಯಾರೂ ನೋಡಲ್ಲ, ಅದಕ್ಕೇ ಅದು ನಂದು."

"ಗದ್ದೆ ಬಂದ್ರೆ ಅದೂ ನಿಂದೇ ಅಲ್ವಾ?"

"ಗದ್ದೇಲಿ ಏನ್ ಉಜ್ಲಿ?"

ಮೂರನೆಯ ವರ್ಷ ಏರಿ ಮುಗಿಯಿತು, ಮುಂಗಾರು ಬಂತು. ನೀರು ಎದೆಮಟ್ಟಕ್ಕೆ ಏರುವಷ್ಟರಲ್ಲಿ ಕಲ್ಲುಗಳು ಎಣ್ಣೆ ಹಚ್ಚಿದಂತೆ ಒಂದೊಂದಾಗಿ ಮಣ್ಣಿನಿಂದ ಜಾರಿದವು. ಏರಿ ಬಾಯಿಬಿಟ್ಟಿತು. ಗದ್ದೆಯೂ ಇಲ್ಲ, ಒಲೆಯೂ ಇಲ್ಲ, ಮೊಣಕಾಲುದ್ದ ಕೆಸರು. ಗೌಡ ಬಂದು ನಿಂತು, "ಕಲ್ಲು ಬಲು ಚೆನ್ನಾಗಿ ಮಾಡಿದ್ದೆ ಕಣಯ್ಯ. ಏರಿ ಎಲ್ಲಿ?" ಅಂದನಂತೆ. ಕಾಟಯ್ಯ ಒಂದು ಕಲ್ಲಿನ ಮೇಲೆ ಕೈಯಿಟ್ಟು ಕೂತ. ಮಗುಚಿ ಬಿದ್ದಿದ್ದ ಕಲ್ಲುಗಳ ಹಿಂಬದಿಯನ್ನು ಊರು ಮೊದಲ ಸಲ ನೋಡುತ್ತಿತ್ತು. ಸಿರಿಯಕ್ಕ ಕೆಸರಿಗಿಳಿದು ಒಂದು ಕಲ್ಲನ್ನು ಸವರಿದಳು. "ನಯವಾಗೈತೆ," ಅಂದು ಅವನ ಪಕ್ಕದಲ್ಲಿ ಕೂತಳು.

ಇಂದಿಗೂ ಬಂದವರು ಕಲ್ಲಿನ ಅಡಿಗೆ ಕೈ ತೂರಿಸಿ ಸವರಿ, ಅಲ್ಲೂ ನುಣುಪೇ ಎಂದು ಬೆರಗಾಗುತ್ತಾರೆ. ನೀರು ಯಾಕಿಲ್ಲ ಎಂದು ಕೇಳುವುದನ್ನು ಮರೆಯುತ್ತಾರೆ. ಇನ್ನೊಂದು ಹೇಳಿಬಿಡುತ್ತೇನೆ. ಸಿರಿಯಕ್ಕ ಕಲ್ಲು ಸವರಿದ್ದು, ಪಕ್ಕದಲ್ಲಿ ಕೂತದ್ದು ನಾನು ಸೇರಿಸಿದ್ದು. ಊರಿನ ಹಿರಿಯರು ಹೇಳುವ ಕಥೆಯಲ್ಲಿ ಅವಳು ಆ ಕೆಸರಲ್ಲೇ ನಡೆದು ತವರಿನ ದಾರಿ ಹಿಡಿದಳು, ತಿರುಗಿ ನೋಡಲಿಲ್ಲ. ಅವನೂ ಕರೆಯಲಿಲ್ಲ, ಕೈ ಇನ್ನೂ ಕಲ್ಲಿನ ಮೇಲಿತ್ತಂತೆ.